ಶೇಕಡಾ ಎಂಬತ್ತು ಅಮ್ಮಿ

ನಮ್ಮ ಮನೆಯ ಬಾಗಿಲ ಹಿಂದೆ ಒಂದು ಕೋಲು ನಿಂತಿರುತ್ತದೆ. ಜಾಲಿ ಕಟ್ಟಿಗೆಯದು. ತುದಿಗೆ ರಬ್ಬರಿನ ಬಿರಡೆ ಇದೆ. ಹಿಡಿಯುವ ಜಾಗ ಕೈಯ ಎಣ್ಣೆ ಕುಡಿದು ಕಪ್ಪಾಗಿ ಹೊಳೆಯುತ್ತದೆ. ಅದು ನನ್ನ ತಂದೆ, ಅಬ್ಬಾ, ಹಿಡಿದು ನಡೆದ ಕೋಲು. ಅಬ್ಬಾ ತೀರಿಕೊಂಡು ಬಹಳ ವರ್ಷಗಳಾದವು. ಈಗ ಅದನ್ನು ನನ್ನ ತಾಯಿ, ಅಮ್ಮಿ, ಬಳಸುತ್ತಾಳೆ, ಆದರೆ ನಡೆಯುವುದಕ್ಕಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆಗೆ ಮಂಗಗಳು ಬಂದರೆ ಓಡಿಸಲು ಬಳಸುತ್ತಾಳೆ, ಬಟ್ಟೆ ಒಣಗುವ ಹಗ್ಗ ಜೋತುಬಿದ್ದರೆ ನಡುವೆ ಆನಿಸಿ ಎತ್ತರಿಸುತ್ತಾಳೆ, ಹೊರಗೆ ಹೊರಟರೆ ಬೀದಿನಾಯಿಗಳ ಸಲುವಾಗಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾಳೆ. ಕಂಕುಳಲ್ಲಿ, ಛತ್ರಿ ಇಟ್ಟುಕೊಂಡ ಹಾಗೆ. ನಡೆಯುವಾಗ ಅವಳು ಅದನ್ನು ನೆಲಕ್ಕೆ ಊರಿದ್ದನ್ನು ನಾನು ನೋಡಿಲ್ಲ.

ಈ ಕೋಲಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕುಳಿತೆ. ಬರೆಯತೊಡಗಿದರೆ ಅದು ಆದಾಯ ತೆರಿಗೆಯ ಕಡೆಗೇ ಹೋಗುತ್ತದೆ. ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಳೆದ ಚಳಿಗಾಲದವರೆಗೆ ನಾನೂ ಹಾಗೇ ಕೇಳುತ್ತಿದ್ದೆ.

ನಾನು ಹುಮನಾಬಾದಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆ ಬಸವಕಲ್ಯಾಣದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಇರುವವರು ನಾನು ಮತ್ತು ಅಮ್ಮಿ, ಇಬ್ಬರೇ. ನನಗೆ ಐವತ್ತೊಂದು, ಅಮ್ಮಿಗೆ ಎಪ್ಪತ್ತನಾಲ್ಕು. ಮಂಡಿನೋವು ಇರುವುದು ನನಗೆ.

ನೀವು ಪಗಾರದ ಜನರಾಗಿದ್ದರೆ ಫೆಬ್ರವರಿ ಎಂದರೆ ಏನು ಎಂದು ಹೇಳಬೇಕಾಗಿಲ್ಲ. ವರ್ಷವಿಡೀ ಚೂರುಚೂರು ಕಡಿತವಾದ ಮೇಲೂ ಉಳಿದ ತೆರಿಗೆಯನ್ನೆಲ್ಲ ಆ ಒಂದು ತಿಂಗಳ ಪಗಾರದಿಂದ ಎಳೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಬೇಳೆ ತೆಳ್ಳಗಾದರೆ ಅದಕ್ಕೆ ಇವತ್ತಿಗೂ 'ಫೆಬ್ರವರಿ' ಎಂದೇ ಹೆಸರು. ಜುಲೈ ತಿಂಗಳಲ್ಲೂ ಅಮ್ಮಿ ಸಾರಿನ ಪಾತ್ರೆ ಮುಂದಿಟ್ಟು, "ಇವತ್ತು ಫೆಬ್ರವರಿ ಅದ, ಸುಮ್ಮ ಉಣ್ಣು," ಎನ್ನುತ್ತಾಳೆ. ಮನೆಯಲ್ಲಿ ನಮ್ಮದು ದಖನಿ ಉರ್ದು. ಆದರೆ ಅಮ್ಮಿ ಸಿಟ್ಟಿಗೂ ಚೇಷ್ಟೆಗೂ ಕನ್ನಡವನ್ನೇ ಇಟ್ಟುಕೊಂಡಿದ್ದಾಳೆ. ಅವಳು ಜೀವಮಾನದಲ್ಲಿ ಜಗಳವಾಡಿದ್ದೆಲ್ಲ ಕಾಯಿಪಲ್ಲೆ ಮಾರುವವರ ಜೊತೆ. ಆ ಜಗಳಗಳಲ್ಲಿ ಬಂದ ಭಾಷೆ ಅದು.

ಅಬ್ಬಾ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ನಾನು ಐದು ವರ್ಷದವಳಿದ್ದಾಗ ಕೊಹಿನೂರಿನ ಹಾದಿಯಲ್ಲಿ ಕಂಬದಿಂದ ಬಿದ್ದರು. ಯಾರ ತಪ್ಪೂ ಅಲ್ಲ. "ಕಂಬ ನನಗ ಬಿಡಲಿಲ್ಲ, ನಾನೇ ಕಂಬ ಬಿಟ್ಟೆ," ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಎಲುಬು ಕೂಡಿತು, ಆದರೆ ಬಲಗಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು. ಇಲಾಖೆಯವರು ಅವರನ್ನು ಸಾಮಾನಿನ ಗೋದಾಮಿಗೆ ಹಾಕಿದರು. ಅಂದಿನಿಂದ ಈ ಕೋಲು.

ಒಂದು ಸಲ ಅವರ ಗೆಳೆಯರೊಬ್ಬರು ಬಸ್ಸಿನ ರಿಯಾಯಿತಿ ಪಾಸಿನ ಫಾರಂ ತಂದುಕೊಟ್ಟರು. ಅಬ್ಬಾ ಅದನ್ನು ಎರಡು ಸಲ ಓದಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ, ಒಂದು ಕಾಲು ಸವೆದು ಅಲ್ಲಾಡುತ್ತಿದ್ದ ನಮ್ಮ ಕಪಾಟಿನ ಕೆಳಗೆ ತುರುಕಿದರು. "ಇದಕ್ಕ ಬೇಕಾಗಿತ್ತು," ಎಂದರು. ಕಪಾಟು ಅಲ್ಲಾಡುವುದು ನಿಂತಿತು. ಅಮ್ಮಿ ಸಿಟ್ಟಾದಳು. ಅರ್ಧ ಟಿಕೆಟ್ಟು ಉಳಿದರೆ ತಿಂಗಳಿಗೆ ಒಂದು ಸೇರು ಎಣ್ಣೆ ಬರುತ್ತಿತ್ತು ಎಂಬುದು ಅವಳ ವಾದ. ಬಸ್ಸಿನಲ್ಲಿ ಅಂಗವಿಕಲರಿಗೆಂದು ಬರೆದ ಸೀಟು ಖಾಲಿ ಇದ್ದರೂ ಅಬ್ಬಾ ಕೂಡುತ್ತಿರಲಿಲ್ಲ. ನಾನು ಕೇಳಿದರೆ, "ಮುಂದ ರಾಜೇಶ್ವರದಾಗ ಯಾರರೆ ಹತ್ತಬಹುದು, ಬೇಟಿ. ನನಕಿಂತ ಕಷ್ಟ ಇದ್ದವರು," ಎನ್ನುತ್ತಿದ್ದರು. ಅದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ. ಅವರ ಹಕ್ಕಿನ ಸೀಟು ಅದು. ಅದರಲ್ಲಿ ಕುಳಿತಿದ್ದರೆ ಕಾಲಿಗೆ ಸುಖವಾಗುತ್ತಿತ್ತು. ನಾನು ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ: ಅವರು ನಿಂತಿರುತ್ತಿದ್ದರು.

ಇನ್ನೊಂದನ್ನೂ ಕಂಡಿದ್ದೇನೆ. ಒಂದು ಫೆಬ್ರವರಿ ಅಬ್ಬಾ ಜಿಲೇಬಿಯ ಪೊಟ್ಟಣದೊಂದಿಗೆ ಮನೆಗೆ ಬಂದರು. ಅಮ್ಮಿ ಪಗಾರ ಎಣಿಸಿ, "ಕಡಿಮಿ ಅದಲ್ಲ?" ಎಂದಳು.

"ಹೌದು. ಇನ್‌ಕಂ ಟ್ಯಾಕ್ಸ್ ಕಟ್ಟಾಗ್ಯಾದ. ಮೊದಲನೇ ಸಲ."

"ಕಟ್ಟಾದ್ರ ಜಿಲೇಬಿ ಯಾಕ ತಂದ್ರಿ?"

"ಅರೇ, ಇಷ್ಟು ದಿವಸ ಸರ್ಕಾರ ನಮಗ ಕೊಡಾಕತ್ತಿತ್ತು. ಇವತ್ತಿನಿಂದ ನಾವೂ ಸರ್ಕಾರಕ್ಕ ಕೊಡಾಕತ್ತೀವಿ. ತಿನ್ನು."

ಅಮ್ಮಿ ಬೈಯುತ್ತಲೇ ಎರಡು ಜಿಲೇಬಿ ತಿಂದಳು. ಆ ರಾತ್ರಿಯ ಬೇಳೆಯೇ ಮೊಟ್ಟಮೊದಲ 'ಫೆಬ್ರವರಿ'.

ಇಂಥ ಮನೆಯಲ್ಲಿ ಬೆಳೆದವಳು ನಾನು ಎಂದು ಮೆರೆಯಲು ಇದನ್ನು ಹೇಳುತ್ತಿಲ್ಲ. ಮುಂದೆ ನಾನು ಮಾಡಿದ್ದನ್ನು ಕೇಳಿದರೆ ಮೆರೆಯುವ ಪ್ರಶ್ನೆಯೇ ಬರುವುದಿಲ್ಲ.

ನೌಕರಿಗೆ ಸೇರಿದ ಮೊದಲ ವರ್ಷಗಳಲ್ಲಿ ಶಾಲೆಯ ಸ್ಟಾಫ್ ರೂಮಿನ ಜನವರಿಯನ್ನು ಕಂಡು ನಾನು ಬೆರಗಾಗಿದ್ದೆ. ಮಧ್ಯಾಹ್ನ ಡಬ್ಬಿ ಮುಚ್ಚಿದ ಮೇಲೆ ಎಲ್ಲರೂ ತೆರಿಗೆ ಉಳಿಸಲು ಮನೆ ಬಾಡಿಗೆಯ ರಸೀದಿ ಬರೆಯಲು ಕೂಡುತ್ತಿದ್ದರು. ಕಾಗದದ ಮೇಲೆ, ವಿಜ್ಞಾನ ಕಲಿಸುವವರ ಮನೆಯಲ್ಲಿ ಸಮಾಜ ಪಾಠದವರು ಬಾಡಿಗೆಗೆ ಇರುತ್ತಿದ್ದರು. ಸಮಾಜದವರ ಮನೆಯಲ್ಲಿ ವಿಜ್ಞಾನದವರು. ಇಬ್ಬರೂ ಇರುತ್ತಿದ್ದುದು ತಂತಮ್ಮ ಸ್ವಂತ ಮನೆಗಳಲ್ಲಿ. ಪೆನ್ನು ಬದಲಿಸುತ್ತಿದ್ದರು, ಕೈ ಬದಲಿಸುತ್ತಿದ್ದರು. ದೈಹಿಕ ಶಿಕ್ಷಕರು ಎಡಗೈಯಲ್ಲಿ ಎಷ್ಟು ಚಂದ ಸಹಿ ಮಾಡುತ್ತಿದ್ದರೆಂದರೆ ಅವರಿಗೆ ಬೇಡಿಕೆ ಇತ್ತು. ಅದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ. 'ಸೇವಿಂಗ್ಸ್ ತೋರಿಸೋದು' ಎನ್ನುತ್ತಿದ್ದರು.

ನಾನೂ ಒಂದು ರಸೀದಿ ಬರೆದೆ. ಮನೆ ಅಮ್ಮಿಯ ಹೆಸರಿನಲ್ಲಿದೆ. ಅಮ್ಮಿಯೇ ಮಾಲಕಿ, ನಾನೇ ಬಾಡಿಗೆದಾರಳು. ಕಂದಾಯದ ಸ್ಟ್ಯಾಂಪು ಅಂಟಿಸಿ ಅಮ್ಮಿಯ ಮುಂದಿಟ್ಟೆ. ಅವಳು ಓದಿಸಿಕೊಂಡಳು, ಸಹಿ ಮಾಡಿದಳು. ಆಮೇಲೆ ಕೈ ಚಾಚಿದಳು.

"ಏನು?" ಎಂದೆ.

"ಬಾಡಿಗಿ. ಮುಟ್ಟಿದೆ ಅಂತ ಸಹಿ ಮಾಡೀನಿ. ಎಲ್ಲಿ ಮುಟ್ಟ್ಯಾದ?"

"ಅಮ್ಮಿ, ಅದು ಸುಮ್ನ ಕಾಗದದ ಸಲುವಾಗಿ."

"ಕಾಗದದ ಸಲುವಾಗಿ ನನ್ನ ಹೆಸರು ಅದಲ್ಲ?"

ಅಂದಿನಿಂದ ಪ್ರತಿ ತಿಂಗಳು ಒಂದನೇ ತಾರೀಕಿಗೆ ನಾನು ನನ್ನ ತಾಯಿಗೆ ಬಾಡಿಗೆ ಕೊಡುತ್ತಿದ್ದೇನೆ. ಒಂದು ತಿಂಗಳೂ ಬಿಟ್ಟಿಲ್ಲ. ಎರಡು ದಿನ ತಡವಾದರೆ ಮನೆ ಖಾಲಿ ಮಾಡಿಸುವೆನೆಂದು ಹೆದರಿಸುತ್ತಾಳೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಮ್ಮ ಶಾಲೆಯಲ್ಲಿ ನಿಜವಾದ ಬಾಡಿಗೆ ರಸೀದಿ ಇದ್ದದ್ದು ಅದೊಂದೇ ಇರಬೇಕು.

ಆಮೇಲೆ ಕಾಲ ಬದಲಾಯಿತು. ಎಲ್ಲವೂ ಕಂಪ್ಯೂಟರಿಗೆ ಹೋಯಿತು. ಆಗ ಬಂದವರು ರಿಫಂಡ್ ಸರ್. ಅವರ ನಿಜವಾದ ಹೆಸರು ಇಲ್ಲಿ ಬೇಡ. ನಮ್ಮೆಲ್ಲರ ಫೋನುಗಳಲ್ಲೂ ಅವರು ರಿಫಂಡ್ ಸರ್ ಎಂದೇ ಇದ್ದರು. ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಒಂದು ಚಿಕ್ಕ ಕೋಣೆ, ಒಂದು ಕಂಪ್ಯೂಟರು, ಬಂದವರಿಗೆಲ್ಲ ಚಹಾ. ಶಾಲೆಯವರು ಕಡಿತ ಮಾಡಿದ ತೆರಿಗೆಯನ್ನು ಅವರು ವಾಪಸು ತರಿಸಿಕೊಡುತ್ತಿದ್ದರು. ಬಂದ ಹಣದಲ್ಲಿ ರೂಪಾಯಿಗೆ ಹತ್ತು ಪೈಸೆ ಅವರಿಗೆ. ನಮ್ಮ ಶಾಲೆಯ ಹನ್ನೊಂದು ಜನ ಅವರ ಬಳಿ ಹೋದೆವು. ಹನ್ನೊಂದೂ ತೆರಿಗೆ ಖಾತೆಗಳಿಗೆ ಅವರು ತಮ್ಮದೇ ಫೋನ್ ನಂಬರು ಹಾಕಿದರು, ಒಂದೇ ಪಾಸ್‌ವರ್ಡು ಇಟ್ಟರು: ಶಾಲೆಯ ಹೆಸರು, ಮುಂದೆ ಒಂದು ಎರಡು ಮೂರು. "ನಿಮಗ ತಲಿನೋವು ಯಾಕ, ಟೀಚರ್?" ಎಂದರು. ನಮಗೂ ತಲೆನೋವು ಬೇಕಿರಲಿಲ್ಲ.

ಮೊದಲ ವರ್ಷ ನನ್ನ ಖಾತೆಗೆ ಹಣ ಬಂತು. ನಾನು ಬಟ್ಟೆ ತೊಳೆಯುವ ಮಷೀನು ತಂದೆ. ಅಮ್ಮಿ ಅದರ ಸುತ್ತ ಒಂದು ಸುತ್ತು ಬಂದು, "ಸರ್ಕಾರ ಯಾಕ ವಾಪಸ್ ಕೊಟ್ಟದ?" ಎಂದು ಕೇಳಿದಳು. "ಜಾಸ್ತಿ ಕಟ್ ಮಾಡಿದ್ರಂತ," ಎಂದೆ. ಏನನ್ನು ತೋರಿಸಿ ತಂದಿರಿ ಎಂದು ನಾನು ರಿಫಂಡ್ ಸರ್ ಅವರನ್ನು ಕೇಳಲಿಲ್ಲ. ಎರಡನೇ ವರ್ಷವೂ ಕೇಳಲಿಲ್ಲ. ಎಂಟನೇ ಇಯತ್ತೆಯಿಂದ ಹತ್ತರವರೆಗೆ ಶೇಕಡಾ ಲೆಕ್ಕ ಕಲಿಸುವವಳು, ಮಕ್ಕಳು ಒಂದು ಹಂತ ಬಿಟ್ಟರೂ ಅರ್ಧ ಅಂಕ ಕಳೆಯುವವಳು, ನನ್ನದೇ ಕಾಗದವನ್ನು ತೆರೆದು ನೋಡಲಿಲ್ಲ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಬರೆದಿಡಬೇಕು.

ಕಳೆದ ಚಳಿಗಾಲ ಅಮ್ಮಿಗೆ ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸುವ ಆಸೆ ಹುಟ್ಟಿತು. ಮೂರೂ ಕಡೆ ಕಿಟಕಿ, ಶಾವಿಗೆಗೆ ನೆರಳು, ಮಂಗಗಳ ಮೇಲೆ ಕಣ್ಣಿಡಲು ಅನುಕೂಲ. ಸ್ವಲ್ಪ ಹಣ ನನ್ನಲ್ಲಿತ್ತು, ಉಳಿದದ್ದಕ್ಕೆ ಸಾಲ ಬೇಕಿತ್ತು. ಬ್ಯಾಂಕಿನವರು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಿದರು. ರಿಫಂಡ್ ಸರ್ ಮುದ್ರಿಸಿ ಲಕೋಟೆಯಲ್ಲಿ ಹಾಕಿ ಕೊಟ್ಟರು. ನಾನು ಆ ಲಕೋಟೆಯನ್ನು ಹಾಗೇ ಬ್ಯಾಂಕಿಗೆ ಒಪ್ಪಿಸಿದೆ. ಮನೆ ಅಮ್ಮಿಯ ಹೆಸರಿನಲ್ಲಿ ಇದ್ದುದರಿಂದ ಒಂದು ದಿನ ಅವಳೂ ಬಂದು ಸಹಿ ಮಾಡಬೇಕಿತ್ತು.

ಬ್ಯಾಂಕು ಹುಮನಾಬಾದಿನಲ್ಲಿ ಮೊದಲ ಮಹಡಿಯ ಮೇಲಿದೆ. ಇಪ್ಪತ್ತೆರಡು ಮೆಟ್ಟಿಲು. ನನ್ನ ಮಂಡಿ ಒಂದೊಂದನ್ನೂ ಲೆಕ್ಕ ಹಾಕುತ್ತದೆ, ಅದಕ್ಕೇ ಗೊತ್ತು. ಅಮ್ಮಿ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಹೋಗಿ ಕುಳಿತು, ನಾನು ಬರುವವರೆಗೆ ಕಾದಳು.

ಅಧಿಕಾರಿ ಮೈಸೂರು ಕಡೆಯ ಯುವಕ, ಬಹಳ ಸಭ್ಯ. ನಮ್ಮ ಫೈಲು ತೆರೆದು ನೋಡುತ್ತ, "ಮೇಡಂ, ತಾಯಿಯವರನ್ನ ಇಲ್ಲೀವರೆಗೂ ಯಾಕೆ ಕರ್ಕೊಂಡು ಬಂದ್ರಿ? ಹೇಳಿದ್ದರೆ ನಾವೇ ಮನೆಗೆ ಬಂದು ಸಹಿ ತಗೋತಿದ್ವಿ. ಮೆಟ್ಟಿಲು ಬೇರೆ ಇದೆ," ಎಂದ.

"ಮೆಟ್ಟಿಲಿಗೆ ಏನಾಗ್ಯಾದ?" ಎಂದಳು ಅಮ್ಮಿ.

ಅವನು ಕೋಲನ್ನು ನೋಡಿದ. ಅವನ ಮುಖ ಇನ್ನಷ್ಟು ಮೆತ್ತಗಾಯಿತು. "ಪರವಾಗಿಲ್ಲ ಅಮ್ಮಾ. ನಿಧಾನವಾಗಿ ಕೂತ್ಕೊಳ್ಳಿ."

"ನಾ ಕುಂತೇ ಇದ್ದೀನಪ್ಪ."

ಅವನು ಗೊಂದಲಗೊಂಡು ಫೈಲು ನೋಡಿದ, ಅಮ್ಮಿಯನ್ನು ನೋಡಿದ, ಮತ್ತೆ ಫೈಲು ನೋಡಿದ. ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿ, ಒಂದು ಸಾಲಿನ ಕೆಳಗೆ ಪೆನ್ನಿನ ತುದಿ ಇಟ್ಟ. ಎರಡು ವರ್ಷಗಳ ರಿಟರ್ನಿನಲ್ಲಿ ನನಗೆ ಒಬ್ಬ ಅವಲಂಬಿತ ತಾಯಿ ಇದ್ದಳು. ತೀವ್ರ ಅಂಗವೈಕಲ್ಯ, ಶೇಕಡಾ ಎಂಬತ್ತು. ಅವಳ ಆರೈಕೆಯ ಹೆಸರಿನಲ್ಲಿ ನನ್ನ ಆದಾಯದಿಂದ ದೊಡ್ಡ ಮೊತ್ತವೊಂದನ್ನು ಕಳೆದು, ಅದರ ಮೇಲಿನ ತೆರಿಗೆಯನ್ನು ವಾಪಸು ಪಡೆಯಲಾಗಿತ್ತು.

"ಇನ್ನೊಂದು," ಎಂದ ಅವನು, ದನಿ ತಗ್ಗಿಸಿ. "ಬಾಡಿಗೆ ತಗೊಳ್ಳೋ ಮಾಲೀಕರೂ ಇವರೇ ಅಂತಿದೆ. ನಿಮ್ಮ ಮೇಲೆ ಅವಲಂಬಿತರೂ ಇವರೇ. ಈಗ ಸಾಲ ಕೇಳ್ತಿರೋದು ಮಹಡಿ ಮೇಲಿನ ರೂಮಿಗೆ. ಆ ರೂಮು ಯಾರಿಗೆ?"

"ನನಗ," ಎಂದಳು ಅಮ್ಮಿ.

ನೀರಿನ ಲೋಟ ಎತ್ತಿಕೊಂಡೆ, ನೀರು ಮೇಜಿನ ಮೇಲೆ ಚೆಲ್ಲಿತು. ಆ ಹುಡುಗ ತನ್ನ ಕರವಸ್ತ್ರದಿಂದ ಒರೆಸಿದ. "ಸರಿಪಡಿಸಿಕೊಂಡು ಬನ್ನಿ, ಮೇಡಂ," ಎಂದಷ್ಟೇ ಹೇಳಿ ಫೈಲು ಮುಚ್ಚಿದ.

ಹೊರಗೆ ಬಂದು ಮೆಟ್ಟಿಲ ತಲೆಯಲ್ಲಿ ನಿಂತು ಅಮ್ಮಿಗೆ ಎಲ್ಲ ಹೇಳಿದೆ. ಅವಳು ಇಪ್ಪತ್ತೆರಡೂ ಮೆಟ್ಟಿಲು ಇಳಿದಳು. ಕೆಳಗೆ ಬಂದು ತಿರುಗಿ ನಿಂತಳು.

"ಎಂಬತ್ತು ಕೆಟ್ಟಾವ ಅಂತ ಬರದಾರ?"

"ಹೂಂ."

"ಉಳಿದದ್ದು ಇಪ್ಪತ್ತು. ಯಾವ ಇಪ್ಪತ್ತು ಬಿಟ್ಟಾರ ನನಗ? ಕೈ ಏನು? ಕಣ್ಣೇನು? ನಾಲಿಗೆ ಏನು?"

ಗಣಿತದ ಟೀಚರ್‌ಗೆ ಅಷ್ಟು ನೇರವಾದ ಪ್ರಶ್ನೆಯನ್ನು ಯಾವ ಮಕ್ಕಳೂ ಕೇಳಿರಲಿಲ್ಲ.

ಮರುದಿನ ರಿಫಂಡ್ ಸರ್ ಬಳಿ ಹೋದೆ. ಅವರು ಚಹಾ ತರಿಸಿದರು.

"ಟೀಚರ್, ನೀವೊಬ್ಬರೇ ಅಲ್ರಿ. ಎಲ್ಲಾರದೂ ಹಾಂಗೇ ಅದ. ಇದ್ರಾಗ ಯಾರಿಗೇನು ನಷ್ಟ ಆಗ್ಯಾದ, ಹೇಳ್ರಿ?"

"ನಮ್ಮ ಅಮ್ಮೀಗಿ ಆಗ್ಯಾದ್ರಿ."

"ಅಮ್ಮೀಗೇನಾಯ್ತು? ನಾವೇನ ಅವರ ಕಾಲು ಮುರಿದೀವೇನು?" ಅವರು ನಕ್ಕರು. ಆಮೇಲೆ ಸ್ವಲ್ಪ ಗಂಭೀರರಾದರು. ತೆರಿಗೆಯವರಿಂದ ಸಂದೇಶ ಬಂದಿದೆಯಂತೆ. ಅಂಗವೈಕಲ್ಯದ ಕಡಿತಕ್ಕೆ ಪುರಾವೆ ತೋರಿಸಿ, ಇಲ್ಲವೇ ತಿದ್ದಿಕೊಳ್ಳಿ ಎಂದು. ಬಂದು ಮೂರು ವಾರವಾಗಿತ್ತು. ಹನ್ನೊಂದು ಜನರ ಸಂದೇಶವೂ ಅವರ ಒಂದೇ ಫೋನಿಗೆ ಬಂದಿತ್ತು. "ಹೆದರಬ್ಯಾಡ್ರಿ. ಹನ್ನೊಂದು ಸರ್ಟಿಫಿಕೇಟ್ ಮಾಡಿಸ್ತೀನಿ. ನನಗ ಒಬ್ಬರು ಗೊತ್ತದಾರ. ಒಂದೇ ದಿನದ ಕೆಲಸ. ಅಮ್ಮೀಗಿ ಕರ್ಕೊಂಡು ಬರ್ರಿ. ಕೋಲು ಹ್ಯಾಂಗೂ ಅದ ಅಂತೀರಿ, ಅದನ್ನ ನೆಲಕ್ಕ ಊರಿ ಬರ್ಲಿ. ಮಾತಾಡಬಾರದು, ಅಷ್ಟೆ."

ಅಮ್ಮಿ ಮಾತಾಡಬಾರದು! ಅದೊಂದೇ ಶೇಕಡಾ ಎಂಬತ್ತು ಅಂಗವೈಕಲ್ಯಕ್ಕೆ ಸಮ ಎಂದು ನಾನು ಹೇಳಬೇಕಿತ್ತು. ಆಗ ಹೊಳೆಯಲಿಲ್ಲ. ನನಗೆ ಒಳ್ಳೆಯ ಮಾತುಗಳು ಬಸ್ಸು ಹತ್ತಿದ ಮೇಲೆಯೇ ಹೊಳೆಯುವುದು. ಆ ಹೊತ್ತಿಗೆ ನಾನು ಹೇಳಿದ್ದು ಇಷ್ಟೇ: "ಯೋಚನೆ ಮಾಡ್ತೀನಿ."

ಹೌದು, ಹಾಗೆ ಹೇಳಿದೆ. ಎರಡು ದಿನ ಯೋಚನೆಯನ್ನೂ ಮಾಡಿದೆ. ವಾಪಸು ಕಟ್ಟುವುದೆಂದರೆ ಬಂದ ಹಣ, ಅದರ ಮೇಲೆ ಬಡ್ಡಿ, ಅದರ ಮೇಲೆ ತಿದ್ದಿಕೊಂಡದ್ದಕ್ಕೆ ಹೆಚ್ಚುವರಿ ತೆರಿಗೆ. ಅಮ್ಮಿಯ ಕೋಣೆಗೆಂದು ಕೂಡಿಟ್ಟದ್ದು ಪೂರ್ತಿ ಹೋಗುತ್ತಿತ್ತು. ಇನ್ನೊಂದು ಕಡೆ ಅಮ್ಮಿ ಒಂದು ದಿನ ಕೋಲು ಊರಿ ಸುಮ್ಮನೆ ನಡೆದರೆ ಕೋಣೆ ಉಳಿಯುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಜಗದೇವಿ ನನ್ನ ಪಕ್ಕ ಕೂಡುವವಳು. ಹತ್ತೊಂಬತ್ತು ವರ್ಷ ಒಂದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿದ್ದೇವೆ. ಅವಳ ಜೋಳದ ರೊಟ್ಟಿ ನನಗೆ, ನನ್ನ ಶಾವಿಗೆ ಪಾಯಸ ಅವಳಿಗೆ. ಹುಲಸೂರಿನ ಅವಳ ಮಾವ ಕಾಗದದ ಮೇಲೆ ಪೂರ್ತಿ ಕುರುಡರಾಗಿದ್ದರು. ನಿಜದಲ್ಲಿ ಅವರು ಬೆಳಿಗ್ಗೆ ಪೇಪರಿನ ಕೊನೆಯ ಪುಟದ ಕೊನೆಯ ಸಾಲಿನವರೆಗೆ ಓದಿ, ಊರವರ ಜೊತೆ ಅದರ ಬಗ್ಗೆ ಜಗಳ ತೆಗೆಯುವವರು.

"ತಿದ್ದಿಸ್ತೀನಿ ಅಂತ ಅನ್ನಾಕತ್ತೀಯಂತ, ಖರೇ ಏನು?" ಎಂದು ಕೇಳಿದಳು.

"ಇನ್ನಾ ಏನೂ ಅಂದಿಲ್ಲ."

"ನಸೀಮಾ, ನೀ ಒಬ್ಬಾಕಿ ಒಳ್ಳೆಯಾಕಿ ಆದ್ರ ನಾವು ಹತ್ತು ಮಂದಿ ಕಳ್ಳರಾಗ್ತೀವಿ. ಅಷ್ಟು ನೆನಪಿಡು."

"ನಾನೂ ಅದ್ರಾಗ ಒಬ್ಬಾಕಿನೇ ಅಲ್ಲೇನು, ಜಗದೇವಿ?"

"ಹಾಂಗಾದ್ರ ನಮ್ಮ ಕೂಡೇ ಇರು," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳ ಹೆದರಿಕೆ ಸುಳ್ಳಲ್ಲ. ಮಗಳ ಮದುವೆಗೆ ಇಟ್ಟ ಹಣ ಬಿಟ್ಟರೆ ಅವಳ ಬಳಿ ಬೇರೆ ಇರಲಿಲ್ಲ.

ಆ ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಜವಾನ ಶರಣಪ್ಪ ಕೀಲಿ ಹಾಕಲು ಬಂದು, ನಾನಿದ್ದ ತರಗತಿಯ ಬಾಗಿಲಲ್ಲಿ ನಿಂತ. ಅವನು ಕೊಡಂಬಲದವನು, ನನ್ನ ವಯಸ್ಸಿನವನೇ. ಅವನ ಮಗಳಿಗೆ ಹುಟ್ಟಿದಾಗಿನಿಂದ ನಿಲ್ಲಲು ಬರುವುದಿಲ್ಲ. ಅವನ ಪಗಾರಕ್ಕೆ ತೆರಿಗೆ ಬರುವುದಿಲ್ಲವಾದ್ದರಿಂದ ಅವನು ಯಾವತ್ತೂ ರಿಫಂಡ್ ಸರ್ ಕಡೆ ಹೋದವನಲ್ಲ.

"ಟೀಚರ್, ಒಂದ್ ಮಾತು ಕೇಳ್ಲೇನ್ರಿ?"

"ಕೇಳು."

"ಒಂದೇ ದಿನದಾಗ ಸರ್ಟಿಫಿಕೇಟ್ ಹ್ಯಾಂಗ ಸಿಗ್ತದ್ರಿ? ಸ್ಟಾಫ್ ರೂಮಿನಾಗ ಎಲ್ಲಾರೂ ಮಾತಾಡಾಕತ್ತಿದ್ರು. ನಾ ನಮ್ಮ ಹುಡುಗೀಗಿ ಎತ್ಕೊಂಡು ನಾಕ್ ಸಲ ಹೋಗಿ ಬಂದೀನ್ರಿ. ಒಮ್ಮೆ ಡಾಕ್ಟರ್ ರಜಾ, ಒಮ್ಮೆ ಫೋಟೊ ಸರಿ ಇಲ್ಲ. ಆ ಒಂದ್ ದಿನದ ಹಾದಿ ಯಾವುದು, ನನಗೂ ಹೇಳ್ರಿ."

ಅವನು ಚುಚ್ಚಲು ಕೇಳಲಿಲ್ಲ. ನಿಜವಾಗಿಯೂ ಹಾದಿ ಕೇಳುತ್ತಿದ್ದ. ಅದೇ ನನಗೆ ತಡೆಯಲಾಗಲಿಲ್ಲ. ಕರಿಹಲಗೆಯ ಮೇಲೆ ಬೆಳಿಗ್ಗೆ ಬರೆದ ಶೇಕಡಾ ಲೆಕ್ಕ ಇನ್ನೂ ಹಾಗೇ ಇತ್ತು. ನಾನು ಎದ್ದು ಅದನ್ನು ಒರೆಸಿದೆ. ಒರೆಸಿದ ಮೇಲೂ ಒರೆಸುತ್ತ ನಿಂತಿದ್ದೆ ಎಂದು ಆಮೇಲೆ ಶರಣಪ್ಪನೇ ಹೇಳಿದ.

ಮನೆಗೆ ಬಂದು ಅಮ್ಮಿಗೆ ಎರಡೂ ಹಾದಿ ಹೇಳಿದೆ. ಯಾವುದನ್ನೂ ಬಣ್ಣ ಹಚ್ಚಿ ಹೇಳಲಿಲ್ಲ. ಕಟ್ಟಿದರೆ ಕೋಣೆ ಹೋಗುತ್ತದೆ, ಸುಮ್ಮನೆ ಒಂದು ದಿನ ನಟಿಸಿದರೆ ಉಳಿಯುತ್ತದೆ ಎಂದೆ.

ಅಮ್ಮಿ ಗೋಧಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ನಿಮ್ಮ ಅಬ್ಬಾ ಕಾಲು ಎರಡು ಬೆರಳು ಗಿಡ್ಡ ಇತ್ತು. ಖರೇನೇ ಗಿಡ್ಡ ಇತ್ತು. ಅವರು ಆ ಕಾಗದ ಕಪಾಟಿನ ಬುಡಕ ಇಟ್ರು. ನಾ ಎಷ್ಟು ಬೈದೆ ಅವರಿಗೆ." ಒಂದು ಕಲ್ಲು ಆರಿಸಿ ಎಸೆದಳು. "ಅವರು ತಗೊಂಡಿದ್ರ ತಪ್ಪಿರಲಿಲ್ಲ. ಈಗೂ ಅದೇ ಅಂತೀನಿ. ಆದ್ರ ಅವರು ತಗೊಳ್ಳಲಾರದ್ದು ನಾ ಹ್ಯಾಂಗ ತಗೊಳ್ಳಲಿ? ಈ ಕಾಲಿನ ಮ್ಯಾಲೆ?"

"ಕೋಣೆ?"

"ಕೋಣೆ ಎಲ್ಲಿ ಓಡಿ ಹೋಗ್ತದ? ಮಂಗ್ಯಾಗಳು ಇನ್ನೆರಡು ವರ್ಷ ಶಾವಿಗಿ ತಿನ್ನಲಿ." ಆಮೇಲೆ ತಲೆ ಎತ್ತಿದಳು. "ಮತ್ತ ಕೇಳು. ನಾ ಸುಮ್ನ ಇರ್ತೀನಿ ಅಂತ ಯಾರ ಮುಂದರೆ ಒಪ್ಪಿಕೊಂಡು ಬಂದಿದ್ದ್ಯೇನು, ಮನಿ ಖಾಲಿ ಮಾಡಸ್ತೀನಿ."

ಮರುದಿನವೇ ನಾನು ಸ್ಟಾಫ್ ರೂಮಿನಲ್ಲಿ ನಿಂತು ಹೇಳಿದೆ. ಕುಳಿತು ಹೇಳಿದ್ದರೆ ಧ್ವನಿ ಬರುತ್ತಿರಲಿಲ್ಲ. "ನಾನು ನನ್ನದನ್ನ ತಿದ್ದಿಸಾಕತ್ತೀನಿ. ನಿಮ್ಮ ಹೆಸರು ಯಾರ ಮುಂದೂ ಹೇಳೂದಿಲ್ಲ. ಆದ್ರ ಯಾರರೆ ನನಗ ಬಂದು ಕೇಳಿದ್ರ ಸುಳ್ಳೂ ಹೇಳೂದಿಲ್ಲ." ಮುಖ್ಯಗುರುಗಳು ಕನ್ನಡಕ ತೆಗೆದು, "ಟೀಚರ್, ಇನ್ನ ಒಂಬತ್ತು ವರ್ಷ ನೀವು ಇದೇ ಕೋಣ್ಯಾಗ ಕುಂದ್ರಬೇಕು," ಎಂದರು. "ಕುಂದರ್ತೀನ್ರಿ, ಸರ್," ಎಂದೆ. ಅಷ್ಟು ಮಾತು ನಾನು ಬಸ್ಸು ಹತ್ತುವ ಮೊದಲೇ ಆಡಿದ್ದು ಅದೇ ಮೊದಲು.

ಈಗ ನಾಲ್ಕು ತಿಂಗಳಾಯಿತು. ಜಗದೇವಿ ಡಬ್ಬಿಯನ್ನು ಕಿಟಕಿಯ ಹತ್ತಿರ ಹೋಗಿ ಬಿಚ್ಚುತ್ತಾಳೆ. ನಾನು ನನ್ನ ಜಾಗದಲ್ಲೇ ಬಿಚ್ಚುತ್ತೇನೆ, ಎರಡು ಚಮಚ ಇಟ್ಟುಕೊಂಡು. ಹೋದ ವಾರ ಅವಳು ನನ್ನ ಮೇಜಿನ ಮುಂದೆ ನಿಂತು, ನನ್ನನ್ನು ನೋಡದೆ, ಕಿಟಕಿಯನ್ನು ನೋಡುತ್ತ, "ಆ ಅಕೌಂಟೆಂಟ್ ಅಕ್ಕಾ ಎಷ್ಟು ಗಂಟೆತನಕ ಇರ್ತಾರ?" ಎಂದು ಕೇಳಿದಳು. "ಏಳರತನಕ," ಎಂದೆ. ಅವಳು ಹೋಗಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ.

ನನ್ನ ರಿಟರ್ನ್ ತಿದ್ದಿಕೊಟ್ಟ ಆ ಅಕೌಂಟೆಂಟ್ ಅಕ್ಕನ ಹೆಸರು ಜಯಶ್ರೀ. ಹುಮನಾಬಾದಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ಅವರ ಕಚೇರಿ. ತಿದ್ದಿಸುವ ದಿನ ಅಮ್ಮಿ ತಾನೂ ಬರುತ್ತೇನೆಂದು ಹಟ ಹಿಡಿದಳು. ತನ್ನ ಹೆಸರು ತೆಗೆಯುವುದನ್ನು ತಾನೇ ನೋಡಬೇಕು ಎಂದಳು. ಕೋಲು ಕಂಕುಳಲ್ಲಿತ್ತು.

ಜಯಶ್ರೀ ಮೊದಲು ಮಾಡಿದ್ದು ಪಾಸ್‌ವರ್ಡ್ ಬದಲಿಸುವುದು, ಆಮೇಲೆ ನನ್ನ ಫೋನ್ ನಂಬರು ಹಾಕುವುದು. ಹಳೆಯ ಪಾಸ್‌ವರ್ಡ್ ನೋಡಿ, "ಇದು ಇನ್ನಾ ಎಷ್ಟು ಮಂದೀದು ಅದ?" ಎಂದರು. ನಾನು ಮೇಜಿನ ಮೇಲಿನ ಪೇಪರ್‌ವೇಟ್ ನೋಡಿದೆ. ಅವರು ತೆರಿಗೆ ಇಲಾಖೆಯ ಸಂದೇಶವನ್ನು ತೆರೆದು ನನ್ನ ಕಡೆ ತಿರುಗಿಸಿದರು. ನನ್ನ ಹೆಸರಿಗೆ ಬಂದ ಆ ಪತ್ರವನ್ನು ನಾನು ಮೊದಲ ಸಲ ಓದಿದೆ. ಮೂರು ಸಲ ಓದಿದೆ. ಅದರಲ್ಲಿ ಬೆದರಿಕೆ ಏನೂ ಇರಲಿಲ್ಲ. ನೀವು ಹೇಳಿದ್ದು ನಿಜವೇ, ಮತ್ತೊಮ್ಮೆ ನೋಡಿ ಎಂದು ಕೇಳಿತ್ತು, ಅಷ್ಟೆ. ಅದೇ ಪ್ರಶ್ನೆಯನ್ನು ಮಷೀನಿನ ಸುತ್ತ ಒಂದು ಸುತ್ತು ಬಂದು ಅಮ್ಮಿ ಎರಡು ವರ್ಷದ ಹಿಂದೆಯೇ ಕೇಳಿದ್ದಳು.

ಎಲ್ಲ ತುಂಬಿಸಿದ ಮೇಲೆ 'ಅವಲಂಬಿತರು' ಎಂಬ ಕಾಲಮ್ಮಿನ ಹತ್ತಿರ ಜಯಶ್ರೀ ಕೈ ನಿಲ್ಲಿಸಿದರು.

"ಇಲ್ಲಿಂದ ಅಮ್ಮೀ ಹೆಸರು ತೆಗೀಲೇನ್ರಿ?"

ನಾನು ಉತ್ತರಿಸುವ ಮೊದಲೇ ಬೆಂಚಿನಿಂದ ದನಿ ಬಂತು. "ತೆಗಿಯವ್ವಾ, ಲಗೂನ ತೆಗಿ. ಎರಡು ವರ್ಷದಿಂದ ಅಲ್ಲಿ ಬಿದ್ದೀನಿ, ಉಸಿರು ಕಟ್ಟಾಕತ್ತದ."

ಹೆಸರು ಹೋಯಿತು. "ಬಾಡಿಗಿದು?" ಎಂದರು ಜಯಶ್ರೀ.

"ಅದು ಇರ್ಲಿ," ಎಂದಳು ಅಮ್ಮಿ. "ಅದು ಖರೇ ಅದ."

ಹಣ ಕಟ್ಟಿದೆ. ಮೂರು ಕಿಟಕಿ, ಒಂದು ಬಾಗಿಲು, ತಗಡಿನ ಛಾವಣಿ ಎಲ್ಲ ಒಂದು ಗುಂಡಿ ಒತ್ತಿದಾಗ ಹೋದವು. ನನಗೆ ದುಃಖವಾಗಲಿಲ್ಲ ಎಂದರೆ ಅದೂ ಒಂದು ಸುಳ್ಳಾಗುತ್ತದೆ. ಬಂದ ಸ್ವೀಕೃತಿಯನ್ನು ಮುದ್ರಿಸಿಕೊಂಡು ಪರ್ಸಿನಲ್ಲಿ ಇಟ್ಟೆ. ಇಡುವ ಮೊದಲು ಮೇಲಿನಿಂದ ಕೆಳಗಿನವರೆಗೆ ಓದಿದೆ.

ಕೆಳಗಿಳಿದು ಬಸ್ ನಿಲ್ದಾಣದ ಅರ್ಧ ಹಾದಿ ಬಂದಿದ್ದೆವು. ಅಮ್ಮಿ ಹತ್ತು ಹೆಜ್ಜೆ ಮುಂದಿದ್ದಳು. ಆಗ ನೋಡಿದೆ, ಅವಳ ಕಂಕುಳು ಖಾಲಿ. ಕೋಲು ಜಯಶ್ರೀಯವರ ಬೆಂಚಿನ ಬಳಿಯೇ ಉಳಿದಿತ್ತು. "ಅಮ್ಮಿ, ನಿಂದ್ರು!" ಎಂದು ಕೂಗಿದೆ. ಅವಳು ಬಸವಕಲ್ಯಾಣದ ಬಸ್ಸು ಕಂಡು ಇನ್ನೂ ಜೋರಾಗಿ ನಡೆದಳು. ನಾನು ವಾಪಸು ಹೋಗಿ, ಮೆಟ್ಟಿಲು ಹತ್ತಿ, ಕೋಲು ತೆಗೆದುಕೊಂಡು, ಮೆಟ್ಟಿಲು ಇಳಿದು, ಓಡಬಾರದ ಮಂಡಿಯಲ್ಲಿ ಓಡುತ್ತ ಬಂದೆ. ಕೊನೆಯ ಇಪ್ಪತ್ತು ಹೆಜ್ಜೆ ಕೋಲನ್ನು ನೆಲಕ್ಕೆ ಊರಿಕೊಂಡೇ ಬಂದೆ. ಬೇರೆ ದಾರಿ ಇರಲಿಲ್ಲ. ಅಬ್ಬಾ ಹೋದ ಮೇಲೆ ಅದನ್ನು ಊರಿ ಯಾರಾದರೂ ನಡೆದದ್ದು ಅದೇ ಮೊದಲು ಇರಬೇಕು.

ಬಸ್ಸು ತುಂಬಿತ್ತು. ಅಮ್ಮಿಗೆ ಹಿಂದೆ ಯಾರೋ ಸರಿದು ಜಾಗ ಕೊಟ್ಟಿದ್ದರು. ಹೆಂಗಸರಿಗೆಲ್ಲ ಈಗ ಬಸ್ಸಿನಲ್ಲಿ ದುಡ್ಡಿಲ್ಲದ ಟಿಕೆಟ್ಟು. ಅಮ್ಮಿ ಅದನ್ನು ರಾಣಿಯ ಹಾಗೆ ತೆಗೆದುಕೊಳ್ಳುತ್ತಾಳೆ. "ಇದು ಎಲ್ಲಾ ಹೆಣ್ಮಕ್ಕಳಿಗೆ ಅದ. ನನ್ನ ಕಾಲು ನೋಡಿ ಕೊಟ್ಟಿಲ್ಲ," ಎಂಬುದು ಅವಳ ತರ್ಕ. ಕಂಡಕ್ಟರ್ ನನ್ನನ್ನು ನೋಡಿದ, ಕೋಲು ನೋಡಿದ, ಏದುಸಿರು ನೋಡಿದ. ಬಾಗಿಲ ಬಳಿಯ ಸೀಟಿನಲ್ಲಿ ಕುಳಿತಿದ್ದ ಕಾಲೇಜು ಹುಡುಗನನ್ನು ಎಬ್ಬಿಸಿದ.

"ಬರ್ರಿ ಅಕ್ಕಾ, ಇಲ್ಲಿ ಕುಂದ್ರಿ. ಇದು ನಿಮ್ಮಂಥವರಿಗೇ ಇಟ್ಟಿದ್ದು."

ಕಿಟಕಿಯ ಮೇಲೆ ಅಂಗವಿಕಲರಿಗೆ ಎಂದು ಬರೆದಿತ್ತು. ಅಕ್ಷರ ಅರ್ಧ ಅಳಿಸಿತ್ತು, ಆದರೂ ಓದಬಹುದಿತ್ತು. ಮಂಡಿ ಕುಂದ್ರು ಎಂದಿತು. ಇಡೀ ಬಸ್ಸು ಕುಂದ್ರಿ ಎಂದು ನೋಡುತ್ತಿತ್ತು.

"ಬ್ಯಾಡ್ರಿ. ನಿಂದರ್ತೀನಿ," ಎಂದೆ.

"ಅಕ್ಕಾ, ಕಲ್ಯಾಣ ಇನ್ನಾ ದೂರ ಅದ."

"ಗೊತ್ತದ್ರಿ. ದಿನಾ ಹೋಗ್ತೀನಿ."

ಅವನು ತಲೆ ಅಲ್ಲಾಡಿಸಿ ಮುಂದೆ ಹೋದ. ನಾನು ಮೇಲಿನ ಕಂಬಿ ಹಿಡಿದು ನಿಂತೆ. ರಾಜೇಶ್ವರದಲ್ಲಿ ಬಸ್ಸು ನಿಂತಾಗ ಬಗ್ಗಿ ಬಾಗಿಲ ಕಡೆ ನೋಡಿದೆ. ಯಾರೂ ಹತ್ತಲಿಲ್ಲ. ಸೀಟು ಖಾಲಿಯೇ ಇತ್ತು. ಬಸ್ಸು ಹೊರಟಿತು.

ಹಿಂದಿನಿಂದ ಅಮ್ಮಿ, ಎಲ್ಲರಿಗೂ ಕೇಳುವ ಹಾಗೆ, ಕನ್ನಡದಲ್ಲಿ ಕೇಳಿದಳು.

"ಮಂಡಿ ಎಷ್ಟು ಪರ್ಸೆಂಟ್ ನೋವಾಗಾಕತ್ತದ?"

"ಎಂಬತ್ತು," ಎಂದೆ.

"ಹಾಂಗಾದ್ರ ಉಳಿದ ಇಪ್ಪತ್ತರ ಮ್ಯಾಲೆ ನಿಂದ್ರು."